ನಡುದಾರಿಯಲ್ಲಿ ಕೈಕೊಡುವ ಹಳೆಯ ಕಾರು: ವಿದ್ಯುತ್ ದೋಷದ ಮೂಲ ಹುಡುಕುವುದು ಹೇಗೆ?

ಪುತ್ತೂರು: ಬೆಳಗ್ಗೆ ಪೇಟೆಗೆ ಹೋಗಿ ಬಂದ ಕಾರು ರಾತ್ರಿ ಕೀ ತಿರುಗಿಸಿದರೆ ಉಸಿರೆತ್ತುವುದಿಲ್ಲ. ಘಾಟಿ ಏರುತ್ತಿದ್ದಂತೆ ಎಂಜಿನ್ ಒಮ್ಮೆಲೇ ಸ್ತಬ್ಧಗೊಂಡು ಅರ್ಧ ಗಂಟೆಯ ಬಳಿಕ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಮಳೆ ಬಂದಾಗಲೆಲ್ಲ ವೈಪರ್ ನಿಲ್ಲುತ್ತದೆ, ಹಾರ್ನ್ ಮೂಕವಾಗುತ್ತದೆ. ಹದಿನೈದು, ಇಪ್ಪತ್ತು ವರ್ಷ ಹಳೆಯ ಕಾರನ್ನು ಇಟ್ಟುಕೊಂಡವರಿಗೆ ಇವು ಹೊಸ ಅನುಭವಗಳೇನಲ್ಲ. ಎಂಜಿನ್ ಸವೆತ ಮುನ್ಸೂಚನೆ ಕೊಟ್ಟು ಬರುತ್ತದೆ. ಹೊಗೆ, ಸದ್ದು, ಎಣ್ಣೆಯ ಸೋರಿಕೆ ಮೊದಲೇ ಎಚ್ಚರಿಸುತ್ತವೆ. ವಿದ್ಯುತ್ ದೋಷ ಹಾಗಲ್ಲ. ಅದು ಹೇಳದೆ ಕೇಳದೆ ಬರುತ್ತದೆ.

ಪುತ್ತೂರು, ಸುಳ್ಯ ಹಾಗೂ ಈ ಎರಡೂ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ರಚನೆಯಾದ ಕಡಬ ತಾಲೂಕಿನಲ್ಲಿ ಹಳೆಯ ವಾಹನಗಳು ಇಂದಿಗೂ ಮನೆಮಂದಿಯಂತೆ ಉಳಿದುಕೊಂಡಿವೆ. 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800, 2019ರಲ್ಲಿ ನಿಂತ ಓಮ್ನಿ, ಹಳೆಯ ಝೆನ್, ಸ್ಯಾಂಟ್ರೊ, ಇಂಡಿಕಾ, ತೋಟದ ದಾರಿಗೆಂದೇ ಉಳಿಸಿಕೊಂಡ ಮಹೀಂದ್ರ ಜೀಪು ಇವೆಲ್ಲ ಕೆಎ-21 ಸಂಖ್ಯೆ ಹೊತ್ತು ಅಡಿಕೆ, ರಬ್ಬರು ತೋಟಗಳ ನಡುವೆ ಇನ್ನೂ ಓಡುತ್ತಿವೆ. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಅನಂತರ ಪ್ರತಿ 5 ವರ್ಷಕ್ಕೊಮ್ಮೆ ತಪಾಸಣೆಗೆ ಒಳಪಡಿಸಿ ನವೀಕರಿಸಿಕೊಳ್ಳಬೇಕು. ದೀಪ, ಹಾರ್ನ್, ವೈಪರ್, ಇಂಡಿಕೇಟರ್ ಕೆಲಸ ಮಾಡದ ಕಾರು ಅಲ್ಲಿಯೂ ಅನುತ್ತೀರ್ಣವಾಗುತ್ತದೆ.

ಇದು ಕೇವಲ ಅನನುಕೂಲದ ಪ್ರಶ್ನೆಯೂ ಅಲ್ಲ. ಸುಬ್ರಹ್ಮಣ್ಯದಿಂದ ಮಂಗಳೂರಿನ ಆಸ್ಪತ್ರೆಗೆ 100 ಕಿಲೋಮೀಟರಿಗೂ ಹೆಚ್ಚಿನ ದೂರವಿದೆ. ಶಿರಾಡಿ, ಸಂಪಾಜೆ, ಬಿಸಿಲೆ ದಾರಿಗಳ ಕಾಡಿನ ನಡುವೆ ಮೊಬೈಲ್ ಸಂಪರ್ಕ ಎಲ್ಲೆಡೆ ಸಿಗುವುದಿಲ್ಲ. ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ 2023ರ ಫೆಬ್ರುವರಿಯಲ್ಲಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದ ಬಳಿಕ, ಕಾಡಂಚಿನ ದಾರಿಯಲ್ಲಿ ಕತ್ತಲಲ್ಲಿ ನಿಂತುಹೋಗುವುದೆಂದರೆ ಏನೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಹಳೆಯ ಕಾರಿನ ವಿದ್ಯುತ್ ವ್ಯವಸ್ಥೆಯನ್ನು ಸ್ವಲ್ಪಮಟ್ಟಿಗಾದರೂ ಅರಿತಿರುವುದು ಮಾಲೀಕನ ಹಿತಕ್ಕೇ ಒಳ್ಳೆಯದು.

ಕರಾವಳಿಯ ಹವೆಯೇ ಮೊದಲ ವೈರಿ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಈ ಅವಧಿಯ ತೇವಾಂಶ ತಾಮ್ರದ ತಂತಿಯ ತುದಿಗಳಿಗೆ, ಕನೆಕ್ಟರ್‌ಗಳ ಒಳಗೆ, ಬಾಡಿಗೆ ಬಿಗಿದ ಅರ್ಥಿಂಗ್ ಬೋಲ್ಟ್‌ಗಳ ಅಡಿಗೆ ನುಸುಳುತ್ತದೆ. ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಿಲುಬು ಮತ್ತು ತುಕ್ಕು ವಿದ್ಯುತ್ತಿನ ಹರಿವಿಗೆ ಅಡ್ಡಿಯಾಗುತ್ತವೆ. ದೋಷ ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮಾಯವಾಗುವುದಕ್ಕೆ ಮುಖ್ಯ ಕಾರಣವೇ ಇದು.

ಎರಡನೆಯ ಕಾರಣ ಮರದಡಿಯ ನಿಲುಗಡೆ. ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯೊಳಗೆ ಹಲಸಿನ, ರಬ್ಬರಿನ ಎಲೆಗಳು ಸೇರಿ ನೀರು ಹೊರಹೋಗುವ ರಂಧ್ರಗಳನ್ನು ಮುಚ್ಚುತ್ತವೆ. ನಿಂತ ನೀರು ದಾರಿ ಹುಡುಕಿಕೊಂಡು ಡ್ಯಾಶ್‌ಬೋರ್ಡ್ ಅಡಿಗೆ ಇಳಿಯುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಫ್ಯೂಸ್ ಪೆಟ್ಟಿಗೆ ಇರುವುದು ಅಲ್ಲಿಯೇ.

ಮೂರನೆಯದು ಇಲಿ, ಹೆಗ್ಗಣಗಳ ಕಾಟ. ಅಡಿಕೆ, ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲಿಸುವುದು ಇಲ್ಲಿನ ವಾಡಿಕೆ. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಇಲಿಗಳಿಗೆ ಬೆಚ್ಚನೆಯ ಎಂಜಿನ್ ಕೋಣೆಗಿಂತ ಉತ್ತಮ ಆಶ್ರಯ ಬೇರಿಲ್ಲ. ಅವು ತಂತಿಯ ಮೇಲ್ಹೊದಿಕೆಯನ್ನು ಕಡಿದು ಹಾಕುತ್ತವೆ. ಬರಿದಾದ ತಂತಿ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಸಿಪ್ಪೆ, ಕಸ, ಬಟ್ಟೆಚೂರು ಸೇರಿಸಿ ಕಟ್ಟಿದ ಗೂಡು ಬಿಸಿ ಸೈಲೆನ್ಸರ್ ಪೈಪಿನ ಬಳಿ ಇದ್ದರೆ ಬೆಂಕಿಯ ಅಪಾಯವೂ ಉಂಟು.

ನಾಲ್ಕನೆಯ ಕಾರಣವನ್ನು ಮಾಲೀಕರೇ ತಂದುಕೊಳ್ಳುತ್ತಾರೆ. ಮ್ಯೂಸಿಕ್ ಸಿಸ್ಟಮ್, ಫಾಗ್ ಲ್ಯಾಂಪ್, ಜೋರಾದ ಹಾರ್ನ್, ಮೊಬೈಲ್ ಚಾರ್ಜರ್ ಇವನ್ನೆಲ್ಲ ಕೈಗೆ ಸಿಕ್ಕ ತಂತಿಗೆ ಸುತ್ತಿ ಟೇಪು ಹಾಕಿ ಜೋಡಿಸಿರುತ್ತಾರೆ. ಕಾರು ನಾಲ್ಕಾರು ಕೈ ಬದಲಾದಾಗ ಯಾವ ತಂತಿ ಎಲ್ಲಿಗೆ ಹೋಗುತ್ತದೆಂಬುದು ಯಾರಿಗೂ ತಿಳಿಯದಂತಾಗುತ್ತದೆ.

ವಿದ್ಯುತ್ ಹರಿಯುವ ದಾರಿ

ದೋಷ ಹುಡುಕುವ ಮೊದಲು ವಿದ್ಯುತ್ತಿನ ದಾರಿ ಗೊತ್ತಿರಬೇಕು. ಕಾರಿನಲ್ಲಿರುವುದು 12 ವೋಲ್ಟ್‌ನ ಬ್ಯಾಟರಿ. ಅದರ ಪಾಸಿಟಿವ್ ತುದಿಯಿಂದ ದಪ್ಪ ಕೇಬಲ್ ನೇರವಾಗಿ ಸೆಲ್ಫ್ ಮೋಟಾರಿಗೆ ಹೋಗುತ್ತದೆ. ಇನ್ನೊಂದು ಕವಲು ಮುಖ್ಯ ಫ್ಯೂಸ್ ದಾಟಿ ಇಗ್ನಿಷನ್ ಸ್ವಿಚ್ಚಿಗೆ, ಅಲ್ಲಿಂದ ಫ್ಯೂಸ್ ಪೆಟ್ಟಿಗೆಗೆ, ಮುಂದೆ ದೀಪ, ಹಾರ್ನ್, ಪೆಟ್ರೋಲ್ ಪಂಪು, ಇಗ್ನಿಷನ್ ಕಾಯಿಲ್ ಮೊದಲಾದವಕ್ಕೆ ತಲುಪುತ್ತದೆ. ಕೆಲಸ ಮುಗಿಸಿದ ವಿದ್ಯುತ್ ಮರಳಲು ಪ್ರತ್ಯೇಕ ತಂತಿ ಇಲ್ಲ. ಕಾರಿನ ಬಾಡಿ ಮತ್ತು ಎಂಜಿನ್ನೇ ಮರಳುವ ದಾರಿ. ಅವೆರಡನ್ನೂ ಬ್ಯಾಟರಿಯ ನೆಗೆಟಿವ್ ತುದಿಗೆ ಜೋಡಿಸುವ ಪಟ್ಟಿಗೆ ಅರ್ಥಿಂಗ್ ಎನ್ನುತ್ತಾರೆ. ಎಂಜಿನ್ ಓಡುವಾಗ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್, ಗ್ಯಾರೇಜಿನ ಮಾತಿನಲ್ಲಿ ಡೈನಮೋ, ಎಲ್ಲಕ್ಕೂ ವಿದ್ಯುತ್ ಒದಗಿಸುತ್ತ ಬ್ಯಾಟರಿಯನ್ನೂ ತುಂಬಿಸುತ್ತದೆ.

ಈ ದಾರಿಯಲ್ಲಿ ಎಲ್ಲಿ ಕಡಿದಿದೆ, ಎಲ್ಲಿ ಸೋರುತ್ತಿದೆ, ಎಲ್ಲಿ ಇಕ್ಕಟ್ಟಾಗಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದೇ ದೋಷಪತ್ತೆ. ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದು ದೋಷಪತ್ತೆಯಲ್ಲ. ಹೊಸ ಬ್ಯಾಟರಿ ಹಾಕಿಸಿ, ಅದೂ ಕೈಕೊಟ್ಟಾಗ ಡೈನಮೋ ರಿಪೇರಿ ಮಾಡಿಸಿ, ಕೊನೆಗೆ ಅರ್ಥಿಂಗ್ ಬೋಲ್ಟ್ ಸಡಿಲವಾಗಿತ್ತೆಂದು ತಿಳಿಯುವ ಹೊತ್ತಿಗೆ ಸಾವಿರಾರು ರೂಪಾಯಿ ವ್ಯಯವಾಗಿರುತ್ತದೆ.

ಲಕ್ಷಣ ನೋಡಿ ವಿಂಗಡಿಸಿ

ಕಾರು ಸ್ಟಾರ್ಟ್ ಆಗದಿದ್ದಾಗ ಉಪಕರಣಗಳಿಲ್ಲದೆಯೇ ಒಂದು ಪರೀಕ್ಷೆ ಮಾಡಬಹುದು. ಹೆಡ್‌ಲೈಟ್ ಅಥವಾ ಒಳಗಿನ ದೀಪ ಉರಿಸಿ, ಕೀ ತಿರುಗಿಸುತ್ತ ಆ ದೀಪವನ್ನು ಗಮನಿಸಬೇಕು.

ದೀಪ ಮೊದಲಿನಿಂದಲೂ ಉರಿಯದಿದ್ದರೆ ಬ್ಯಾಟರಿ ಪೂರ್ಣ ಖಾಲಿಯಾಗಿದೆ, ಇಲ್ಲವೇ ಟರ್ಮಿನಲ್ ಕಳಚಿದೆ ಅಥವಾ ಮುಖ್ಯ ಫ್ಯೂಸ್ ಹೋಗಿದೆ. ದೀಪ ಚೆನ್ನಾಗಿ ಉರಿಯುತ್ತಿದ್ದು, ಕೀ ತಿರುಗಿಸಿದೊಡನೆ ಪೂರ್ತಿ ಆರಿಹೋದರೆ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆ ಅಥವಾ ಒಳಗೆ ಕಿಲುಬು ಹಿಡಿದಿದೆ ಎಂದೇ ತಿಳಿಯಬಹುದು. ಸಣ್ಣ ದೀಪಕ್ಕೆ ಸಾಕಾಗುವ ಸಂಪರ್ಕ ಸೆಲ್ಫ್ ಮೋಟಾರಿನ ದೊಡ್ಡ ಬೇಡಿಕೆಯನ್ನು ತಾಳಲಾರದು.

ದೀಪ ಮಂಕಾಗಿ ಟಕಟಕ ಸದ್ದು ಬಂದರೆ ಬ್ಯಾಟರಿಯಲ್ಲಿ ಕಸುವಿಲ್ಲ. ದೀಪ ಪ್ರಖರವಾಗಿಯೇ ಉಳಿದು ಯಾವ ಸದ್ದೂ ಬಾರದಿದ್ದರೆ ಬ್ಯಾಟರಿಯನ್ನು ದೂರಬೇಕಾಗಿಲ್ಲ. ಇಗ್ನಿಷನ್ ಸ್ವಿಚ್ಚು, ಅಲ್ಲಿಂದ ಸೆಲ್ಫ್‌ಗೆ ಹೋಗುವ ತೆಳು ತಂತಿ ಅಥವಾ ಸೊಲೆನಾಯ್ಡ್ ಇವುಗಳಲ್ಲಿ ಒಂದು ಕೆಟ್ಟಿದೆ. ದೀಪ ಹೆಚ್ಚು ಮಂಕಾಗದೆ ಒಂದೇ ಒಂದು ‘ಟಕ್’ ಸದ್ದು ಬಂದು ಸುಮ್ಮನಾದರೆ ಸೊಲೆನಾಯ್ಡಿನ ಸಂಪರ್ಕ ಅಥವಾ ಸೆಲ್ಫ್ ಮೋಟಾರಿನ ಬ್ರಷ್ ಸವೆದಿರುವ ಸಾಧ್ಯತೆ ಹೆಚ್ಚು.

ಸೆಲ್ಫ್ ಚುರುಕಾಗಿಯೇ ತಿರುಗಿದರೂ ಎಂಜಿನ್ ಹಿಡಿಯದಿದ್ದರೆ ಹುಡುಕಾಟದ ದಿಕ್ಕೇ ಬೇರೆ. ಆಗ ನೋಡಬೇಕಾದುದು ಕಿಡಿ ಬರುತ್ತಿದೆಯೇ, ಪೆಟ್ರೋಲ್ ಬರುತ್ತಿದೆಯೇ ಎಂಬುದನ್ನು. ಎಂಪಿಎಫ್‌ಐ ಕಾರಿನಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಪಂಪಿನ ಸಣ್ಣ ಗುಂಯ್‌ಗುಟ್ಟುವಿಕೆ ಕೇಳಿಸಬೇಕು. ಕೇಳಿಸದಿದ್ದರೆ ಪಂಪಿನ ಫ್ಯೂಸ್, ರಿಲೇ, ಕೊನೆಯದಾಗಿ ಪಂಪನ್ನು ಪರೀಕ್ಷಿಸಬೇಕು.

ಮೊದಲು ಬ್ಯಾಟರಿಯ ತುದಿಗಳು

ಏನೇ ಲಕ್ಷಣವಿರಲಿ, ಮೊದಲು ನೋಡಬೇಕಾದುದು ಬ್ಯಾಟರಿ ಟರ್ಮಿನಲ್‌ಗಳನ್ನು. ಕೈಯಿಂದ ತಿರುಗಿಸಿದಾಗ ಅವು ಅಲುಗಾಡಬಾರದು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಹೊಳಪು ಬರುವಂತೆ ಉಜ್ಜಿ ಬಿಗಿಯಬೇಕು. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿದರೆ ಮತ್ತೆ ಬೇಗನೆ ಪುಡಿ ಕಟ್ಟದು. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ ಎಂಬ ನಿಯಮವನ್ನು ಮರೆಯಬಾರದು. ಹಾಗೆ ಮಾಡಿದರೆ ಸ್ಪ್ಯಾನರ್ ಆಕಸ್ಮಿಕವಾಗಿ ಬಾಡಿಗೆ ತಾಗಿದರೂ ಶಾರ್ಟ್ ಆಗುವುದಿಲ್ಲ. ಉಂಗುರ, ಲೋಹದ ಕೈಗಡಿಯಾರ ಕಳಚಿಡಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಕಿಡಿ ತಾಗಿದರೆ ಸಿಡಿಯುವುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಸಲ್ಲದು.

ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರ್ ಇದ್ದರೆ ಊಹೆಗೆ ಜಾಗವಿಲ್ಲ. ಕಾರು ಕೆಲವು ಗಂಟೆ ನಿಂತ ಬಳಿಕ ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟ್ ತೋರಿಸಿದರೆ ಅದು ಪೂರ್ಣ ತುಂಬಿದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿಳಿದಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ ಈ ಅಂಕಿ ಇಳಿಯುವುದು ಸಹಜ. ಆದರೆ ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ವಯಸ್ಸಾಗಿದೆ ಅಥವಾ ಅದು ತುಂಬಿಲ್ಲ. ತುಂಬಿಸಿ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಹೊಸದನ್ನು ಕೊಳ್ಳುವ ಯೋಚನೆ ಮಾಡಬೇಕು.

ಡೈನಮೋ ಕೆಲಸ ಮಾಡುತ್ತಿದೆಯೇ?

ಎಂಜಿನ್ ಓಡುತ್ತಿರುವಾಗ ಅದೇ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಹೆಡ್‌ಲೈಟ್, ವೈಪರ್, ಫ್ಯಾನ್ ಹಾಕಿ ಎಕ್ಸಲರೇಟರ್ ಸ್ವಲ್ಪ ಒತ್ತಿದಾಗಲೂ 13.2ಕ್ಕಿಂತ ಕೆಳಗೆ ಇಳಿಯಬಾರದು. ಅಂಕಿ 12ರ ಆಸುಪಾಸಿನಲ್ಲೇ ನಿಂತು ನಿಧಾನವಾಗಿ ಇಳಿಯುತ್ತಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ. ಬೆಲ್ಟ್ ಸಡಿಲ, ಬ್ರಷ್ ಸವೆತ, ರೆಗ್ಯುಲೇಟರ್ ದೋಷ, ಹಿಂಬದಿಯ ತಂತಿ ಕಳಚಿರುವುದು ಇವು ಸಾಮಾನ್ಯ ಕಾರಣಗಳು. ಮಳೆಯಲ್ಲಿ ಬೆಲ್ಟ್ ಕೀರಲು ಸದ್ದು ಮಾಡುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ. ಅಂಕಿ 15 ವೋಲ್ಟ್ ಮೀರಿದರೆ ರೆಗ್ಯುಲೇಟರ್ ಹೋಗಿದೆ. ಹಾಗೆಯೇ ಬಿಟ್ಟರೆ ಬಲ್ಬುಗಳು ಪದೇ ಪದೇ ಸುಡುತ್ತವೆ, ಬ್ಯಾಟರಿಯ ನೀರು ಕುದಿದು ಇಂಗುತ್ತದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚಿ ಡೈನಮೋ ಪರೀಕ್ಷಿಸುವ ಹಳೆಯ ಪದ್ಧತಿ ಕೆಲವೆಡೆ ಇನ್ನೂ ಇದೆ. ಇದು ಅಪಾಯಕಾರಿ. ಬ್ಯಾಟರಿ ತಪ್ಪಿದೊಡನೆ ವೋಲ್ಟೇಜ್ ಏಕಾಏಕಿ ಏರಿ ಡೈನಮೋದ ಡಯೋಡ್‌ಗಳನ್ನೂ, ಎಂಪಿಎಫ್‌ಐ ಕಾರಿನ ಕಂಪ್ಯೂಟರನ್ನೂ ಸುಡಬಲ್ಲುದು. ಯಾರಾದರೂ ಹಾಗೆ ಮಾಡಹೊರಟರೆ ತಡೆಯುವುದೇ ಲೇಸು.

ಓಡುತ್ತಿರುವಾಗ ಮೀಟರ್ ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡರೆ ಕಾರು ಬ್ಯಾಟರಿಯ ಉಳಿಕೆಯಿಂದಷ್ಟೇ ಓಡುತ್ತಿದೆ ಎಂದು ತಿಳಿಯಬೇಕು. ಮೊದಲು ಉಷ್ಣತೆಯ ಮುಳ್ಳನ್ನು ನೋಡಬೇಕು. ಕೆಲವು ಎಂಜಿನ್‌ಗಳಲ್ಲಿ ಡೈನಮೋ ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಕಡಿದು ಮುಳ್ಳು ಏರುತ್ತಿದ್ದರೆ ತಕ್ಷಣ ನಿಲ್ಲಿಸದೆ ಗತ್ಯಂತರವಿಲ್ಲ. ಏರದಿದ್ದರೆ ಎಸಿ, ಸ್ಟೀರಿಯೊ ಆರಿಸಿ, ಎಂಜಿನ್ ನಿಲ್ಲಿಸದೆ ಹತ್ತಿರದ ಪೇಟೆಯತ್ತ ಸಾಗಬೇಕು. ರಾತ್ರಿ ಮಳೆಯಲ್ಲಿ ಹೆಡ್‌ಲೈಟಿಗೇ ಸುಮಾರು 10 ಆಂಪಿಯರ್ ಬೇಕು. ವೈಪರ್, ಹಿಂದಿನ ದೀಪ, ಇಗ್ನಿಷನ್, ಪೆಟ್ರೋಲ್ ಪಂಪು ಸೇರಿದರೆ 20 ಆಂಪಿಯರ್ ದಾಟುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದರೂ ಇದನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ತಾಳುವುದು ಕಷ್ಟ. ಸುಳ್ಯದಲ್ಲಿ ದೀಪ ಹೊತ್ತಿಕೊಂಡರೆ ಸಂಪಾಜೆ ಘಾಟಿ ಏರುವ ಸಾಹಸ ಮಾಡದೆ ಅಲ್ಲೇ ಗ್ಯಾರೇಜು ಹುಡುಕುವುದು ಜಾಣತನ.

ಕಣ್ಣಿಗೆ ಕಾಣದ ಅರ್ಥಿಂಗ್ ದೋಷ

ಹಳೆಯ ಕಾರಿನ ವಿಚಿತ್ರ ವರ್ತನೆಗಳ ಹಿಂದೆ ಹೆಚ್ಚಾಗಿ ಇರುವುದು ಅರ್ಥಿಂಗ್. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವುದು, ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಮುಳ್ಳು ಅಲುಗಾಡುವುದು, ಹಾರ್ನ್ ಒತ್ತಿದರೆ ದೀಪ ಮಿಣುಕುವುದು ಇವೆಲ್ಲ ಅದರ ಗುರುತುಗಳು. ಮರಳುವ ದಾರಿ ಕಡಿದಾಗ ವಿದ್ಯುತ್ ಬೇರೊಂದು ಬಲ್ಬಿನ ಮೂಲಕ ದಾರಿ ಮಾಡಿಕೊಳ್ಳುವುದರಿಂದ ಹೀಗಾಗುತ್ತದೆ.

ಇದರ ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ವೋಲ್ಟ್‌ನಲ್ಲಿಟ್ಟು ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಹಿಡಿದು, ಜತೆಗಿರುವವರಿಗೆ ಸೆಲ್ಫ್ ಹೊಡೆಯಲು ಹೇಳಬೇಕು. ಅಂಕಿ 0.2 ಅಥವಾ 0.3 ವೋಲ್ಟ್ ಮೀರಬಾರದು. ಒಂದು ವೋಲ್ಟ್ ಬಂದರೆ ಅಷ್ಟೂ ಶಕ್ತಿ ಕೊಳೆತ ಪಟ್ಟಿಯಲ್ಲೋ ತುಕ್ಕು ಹಿಡಿದ ಬೋಲ್ಟಿನಲ್ಲೋ ನಷ್ಟವಾಗುತ್ತಿದೆ ಎಂದರ್ಥ. ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ಲಿನ ಒಂದು ತುದಿಯನ್ನು ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ನಿಗೂ ಕಚ್ಚಿಸಿ ನೋಡಬಹುದು. ಸೆಲ್ಫ್ ಚುರುಕಾದರೆ ದೋಷ ಸಿಕ್ಕಂತೆ. ಬೋಲ್ಟ್ ಬಿಚ್ಚಿ, ಅಡಿಯ ಬಣ್ಣ, ತುಕ್ಕು ಕೆರೆದು ಮತ್ತೆ ಬಿಗಿದರೆ ಬಹುತೇಕ ಪ್ರಕರಣಗಳಲ್ಲಿ ಒಂದು ಪೈಸೆಯ ಬಿಡಿಭಾಗವೂ ಬೇಕಾಗುವುದಿಲ್ಲ.

ನಿಂತಲ್ಲೇ ಬರಿದಾಗುವ ಬ್ಯಾಟರಿ

ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇದ್ದು, ಊರಿನ ಮನೆಯಲ್ಲಿ ಕಾರು ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವುದು ಈ ಭಾಗದಲ್ಲಿ ಸಾಮಾನ್ಯ. ಹೊಸ ಬ್ಯಾಟರಿಯಾದರೂ ನಾಲ್ಕು ದಿನಕ್ಕೇ ಖಾಲಿಯಾಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ.

ಲೆಕ್ಕ ಸರಳವಾಗಿದೆ. ಗಡಿಯಾರ, ಸ್ಟೀರಿಯೊ ನೆನಪಿಗೆ ಬೇಕಾಗುವ ವಿದ್ಯುತ್ ಹಳೆಯ ಕಾರಿನಲ್ಲಿ 50 ಮಿಲಿಆಂಪಿಯರ್ ಒಳಗಿರಬೇಕು. 30 ಮಿಲಿಆಂಪಿಯರ್ ಇದ್ದರೆ 35 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ಬರಿದಾಗಲು ಲೆಕ್ಕಪ್ರಕಾರ 48 ದಿನ ಬೇಕು. ಅದೇ ಸೋರಿಕೆ 300 ಮಿಲಿಆಂಪಿಯರ್ ಆದರೆ ಐದೇ ದಿನ ಸಾಕು. ಕಾರು ಸ್ಟಾರ್ಟ್ ಆಗದಿರಲು ಪೂರ್ತಿ ಬರಿದಾಗಬೇಕೆಂದೇನೂ ಇಲ್ಲ, ಅರ್ಧ ಇಳಿದರೂ ತೊಂದರೆ ಶುರುವಾಗುತ್ತದೆ.

ಪತ್ತೆ ಮಾಡಲು ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಕೇಬಲ್ಲಿಗೂ ಬ್ಯಾಟರಿ ಕಂಬಕ್ಕೂ ನಡುವೆ ಮಲ್ಟಿಮೀಟರನ್ನು ಆಂಪಿಯರ್ ಸ್ಥಾನದಲ್ಲಿಟ್ಟು ಜೋಡಿಸಬೇಕು. ಮೊದಲು 10 ಆಂಪಿಯರ್ ರಂಧ್ರವನ್ನೇ ಬಳಸಬೇಕು. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯುವುದಾಗಲಿ ಹೆಡ್‌ಲೈಟ್ ಹಾಕುವುದಾಗಲಿ ಕೂಡದು, ಮೀಟರ್ ಸುಟ್ಟುಹೋಗುತ್ತದೆ. ಅಂಕಿ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋಗಬೇಕು. ಯಾವ ಫ್ಯೂಸ್ ಕಿತ್ತಾಗ ಅಂಕಿ ಇಳಿಯುತ್ತದೆಯೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಯಾವ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಡೈನಮೋದ ಡಯೋಡ್ ಅಥವಾ ನೇರವಾಗಿ ಬ್ಯಾಟರಿಗೆ ಜೋಡಿಸಿದ ಹೆಚ್ಚುವರಿ ಉಪಕರಣದ ಮೇಲೆ ಸಂಶಯಪಡಬೇಕು. ಡಿಕ್ಕಿಯ ದೀಪ, ಬಾಗಿಲ ದೀಪದ ಸ್ವಿಚ್ಚು, ಹೊರಗಿನಿಂದ ಹಾಕಿಸಿದ ಸ್ಟೀರಿಯೊ ಆಂಪ್ಲಿಫೈಯರ್ ಇವು ಹೆಚ್ಚಾಗಿ ಸಿಕ್ಕಿಬೀಳುವ ಅಪರಾಧಿಗಳು.

ಫ್ಯೂಸ್ ಪದೇ ಪದೇ ಹೋದರೆ

ಫ್ಯೂಸ್ ಸುಡುವುದು ದೋಷವಲ್ಲ, ದೋಷದ ಸೂಚನೆ. ಬ್ಲೇಡ್ ಮಾದರಿಯ ಫ್ಯೂಸ್‌ಗಳಲ್ಲಿ ಕೆಂಪು ಬಣ್ಣ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. 15ರ ಜಾಗದಲ್ಲಿ 30 ಹಾಕುವುದು, ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತುವುದು, ತಂತಿಯ ತುಂಡು ಸಿಕ್ಕಿಸುವುದು ಇವೆಲ್ಲ ಮನೆಗೆ ಬೆಂಕಿ ಇಟ್ಟಂತೆ. ಫ್ಯೂಸ್ ಸುಡದಿದ್ದರೆ ಅದರ ಬದಲು ತಂತಿಯೇ ಸುಡುತ್ತದೆ.

ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬಾಡಿಗೆ ಕಚ್ಚಿಸಿ, ಇನ್ನೊಂದು ಮೊನೆಯನ್ನು ಫ್ಯೂಸಿನ ಬೆನ್ನ ಮೇಲಿರುವ ಎರಡೂ ಲೋಹದ ಚುಕ್ಕೆಗಳಿಗೆ ತಾಗಿಸಬೇಕು. ಎರಡರಲ್ಲೂ ಉರಿದರೆ ಫ್ಯೂಸ್ ಸರಿಯಿದೆ. ಒಂದರಲ್ಲಿ ಮಾತ್ರ ಉರಿದರೆ ಸುಟ್ಟಿದೆ. ಕೀ ಆನ್ ಇದ್ದೂ ಎರಡರಲ್ಲೂ ಉರಿಯದಿದ್ದರೆ ದೋಷ ಫ್ಯೂಸಿಗಿಂತ ಹಿಂದೆ, ಸ್ವಿಚ್ಚಿನಲ್ಲಿ ಅಥವಾ ಮುಖ್ಯ ಫ್ಯೂಸಿನಲ್ಲಿ ಇದೆ.

ಹೊಸ ಫ್ಯೂಸ್ ಹಾಕಿದೊಡನೆ ಸುಡುತ್ತಿದ್ದರೆ ಒಂದರ ಮೇಲೊಂದು ಫ್ಯೂಸ್ ವ್ಯರ್ಥ ಮಾಡಬೇಕಾಗಿಲ್ಲ. ಆ ಜಾಗಕ್ಕೆ 21 ವಾಟ್‌ನ ಇಂಡಿಕೇಟರ್ ಬಲ್ಬನ್ನು ಎರಡು ತಂತಿಗಳ ಮೂಲಕ ಜೋಡಿಸಿದರೆ ಸಾಕು. ಶಾರ್ಟ್ ಇದ್ದರೂ ಬಲ್ಬು 2 ಆಂಪಿಯರ್‌ಗಿಂತ ಕಡಿಮೆ ವಿದ್ಯುತ್ತನ್ನಷ್ಟೇ ಹರಿಯಗೊಡುವುದರಿಂದ ಏನೂ ಸುಡದು. ಬಲ್ಬು ಪ್ರಖರವಾಗಿ ಉರಿಯುತ್ತಿರುವಾಗ ಆ ಸಾಲಿನ ಉಪಕರಣಗಳನ್ನು ಒಂದೊಂದಾಗಿ ಕಳಚುತ್ತ, ತಂತಿಯ ಗೊಂಚಲನ್ನು ಅಲ್ಲಲ್ಲಿ ಅಲುಗಾಡಿಸುತ್ತ ಬರಬೇಕು. ಬಲ್ಬು ಮಂಕಾದ ಅಥವಾ ಆರಿದ ಜಾಗದಲ್ಲಿ ಶಾರ್ಟ್ ಇದೆ. ಬಾಗಿಲಿನ ಸಂದು, ಡಿಕ್ಕಿಯ ಕೀಲು, ಎಂಜಿನ್ ಕೋಣೆಯಿಂದ ಒಳಗೆ ತಂತಿ ಹಾಯುವ ರಬ್ಬರ್ ಬಳೆ, ಇಲಿ ಓಡಾಡಿದ ಗುರುತಿರುವ ಕಡೆ ಇವನ್ನು ಮೊದಲು ನೋಡುವುದು ಒಳ್ಳೆಯದು.

ಕಂಪನಿ ಕೊಟ್ಟ 60 ವಾಟ್ ಹೆಡ್‌ಲೈಟ್ ಬಲ್ಬಿನ ಬದಲು 100 ವಾಟ್‌ನದನ್ನು ಹಾಕಿದ ಕಾರುಗಳಲ್ಲಿ ಫ್ಯೂಸ್ ಹಿಡಿಕೆ, ಲೈಟ್ ಸ್ವಿಚ್ಚು ಕರಗಿರುವುದು ಅಪರೂಪವಲ್ಲ. ಎರಡು 60 ವಾಟ್ ಬಲ್ಬಿಗೆ 10 ಆಂಪಿಯರ್ ಸಾಕು. ಎರಡು 100 ವಾಟ್ ಬಲ್ಬಿಗೆ ಸುಮಾರು 17 ಬೇಕು. ಹಳೆಯ ತಂತಿ ಅಷ್ಟಕ್ಕೆಂದು ಹಾಕಿದ್ದಲ್ಲ.

ಬಿಸಿಯಾದಾಗ ನಿಂತು, ತಣಿದಾಗ ಓಡುವ ಕಾರು

ಎಲ್ಲಕ್ಕಿಂತ ತಲೆ ಕೆಡಿಸುವ ದೋಷ ಇದು. ಗುಂಡ್ಯ ದಾಟಿ ಶಿರಾಡಿ ಏರುವಾಗ ನಿಂತ ಕಾರು, ಮೆಕ್ಯಾನಿಕ್ ಬರುವ ಹೊತ್ತಿಗೆ ಸರಿಯಾಗಿರುತ್ತದೆ. ದೋಷ ಕಾಣದಿದ್ದಾಗ ಅವನೂ ಏನು ಮಾಡಲಾರ. ಇಗ್ನಿಷನ್ ಕಾಯಿಲ್, ಇಗ್ನಿಷನ್ ಮಾಡ್ಯೂಲ್, ಕ್ರ್ಯಾಂಕ್ ಸೆನ್ಸರ್ ಇವುಗಳ ಒಳಗಿನ ಸೂಕ್ಷ್ಮ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪಿ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಪಂಪಿನ ರಿಲೇ ಒಳಗಿನ ಬೆಸುಗೆ ಬಿರುಕುಬಿಟ್ಟಾಗಲೂ ಹೀಗೆಯೇ.

ನಿಂತ ಕೂಡಲೇ, ಬಿಸಿಯಿರುವಾಗಲೇ ನೋಡಿಕೊಂಡ ಸಂಗತಿಗಳು ಇಲ್ಲಿ ಬಹಳ ಬೆಲೆಬಾಳುತ್ತವೆ. ಕೀ ಆನ್ ಮಾಡಿದಾಗ ಪಂಪಿನ ಸದ್ದು ಇತ್ತೇ? ಮೀಟರ್ ಫಲಕದ ದೀಪಗಳು ಉರಿದವೇ? ಸೆಲ್ಫ್ ತಿರುಗಿತೇ? ಎಷ್ಟು ಹೊತ್ತಿನ ಬಳಿಕ ಸ್ಟಾರ್ಟ್ ಆಯಿತು? ಇವನ್ನು ಬರೆದಿಟ್ಟುಕೊಂಡು ಹೇಳಿದರೆ ಆಟೋ ಎಲೆಕ್ಟ್ರಿಷಿಯನ್ನನ ಅರ್ಧ ಕೆಲಸ ಮುಗಿದಂತೆ. ರಿಲೇ ಮೇಲೆ ಸಂಶಯವಿದ್ದರೆ ಅದೇ ಮಾದರಿಯ ಇನ್ನೊಂದು ರಿಲೇಯನ್ನು, ಸಾಮಾನ್ಯವಾಗಿ ಹಾರ್ನಿನದನ್ನು, ಅದಲು ಬದಲು ಮಾಡಿ ನೋಡಬಹುದು. ನಮೂನೆ, ಸಂಖ್ಯೆ ಒಂದೇ ಆಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಕಾರ್ಬ್ಯುರೇಟರ್ ಕಾಲದ ಕಾರು, ಜೀಪುಗಳಲ್ಲಿ ಮಳೆಗಾಲದ ಮುಂಜಾನೆ ಎಂಜಿನ್ ಹಿಡಿಯದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗಿನ ತೇವವನ್ನು ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ವೇಳೆ ಸಾಕಾಗುತ್ತದೆ. ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಿಡಿ ಅಲ್ಲೇ ಸೋರಿಹೋಗುತ್ತದೆ. ಪ್ಲಗ್ ತಂತಿಯನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಅಭ್ಯಾಸ ಮಾತ್ರ ಬೇಡ. ಅಲ್ಲಿರುವುದು ಸಾವಿರಾರು ವೋಲ್ಟ್.

ನೀರಿನಲ್ಲಿ ಇಳಿದ ಕಾರು

ಕುಮಾರಧಾರೆ ಉಕ್ಕಿದಾಗ ತಗ್ಗಿನ ರಸ್ತೆಗಳ ಮೇಲೆ ನೀರು ನಿಲ್ಲುವುದು ಈ ಭಾಗಕ್ಕೆ ಹೊಸತಲ್ಲ. ಹಳೆಯ ಹೊಸ್ಮಠ ಸೇತುವೆ ಮುಳುಗಿ ಕಡಬದ ಸಂಪರ್ಕ ಕಡಿಯುತ್ತಿದ್ದ ದಿನಗಳನ್ನು ಇಲ್ಲಿನವರು ಮರೆತಿಲ್ಲ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲೆತ್ನಿಸಬಾರದು. ಎಂಜಿನ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ತಳ್ಳಿ ಮೇಲೆ ತಂದು, ಬ್ಯಾಟರಿ ಕಳಚಿ, ಫ್ಯೂಸ್ ಪೆಟ್ಟಿಗೆ, ಕನೆಕ್ಟರ್‌ಗಳನ್ನು ಬಿಚ್ಚಿ ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಜೋಡಿಸಬೇಕು. ಹಾಗೆ ಮಾಡದಿದ್ದರೆ ಅಂದು ಓಡಿದ ಕಾರು ಆರು ತಿಂಗಳ ಬಳಿಕ ಕಿಲುಬಿನಿಂದ ನಿಲ್ಲುತ್ತದೆ. ತೊಳೆಯುವಾಗ ಎಂಜಿನ್ ಮೇಲೆ ಒತ್ತಡದ ನೀರು ಹಾಯಿಸುವುದೂ ಇದೇ ಪರಿಣಾಮವನ್ನು ತರುತ್ತದೆ.

ಗ್ಯಾರೇಜಿನಲ್ಲಿ ಕೇಳಬೇಕಾದುದು

ಬ್ಯಾಟರಿ ಅಥವಾ ಡೈನಮೋ ಬದಲಿಸಬೇಕೆಂದು ಹೇಳಿದರೆ ಮೀಟರಿನ ಅಂಕಿ ಎಷ್ಟು ಬಂತು ಎಂದು ಕೇಳುವ ಹಕ್ಕು ಮಾಲೀಕನಿಗಿದೆ. ಕಡಿದ ತಂತಿಯನ್ನು ಬರಿದೆ ತಿರುಚಿ ಟೇಪು ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಅದೇ ಕಥೆ. ಬೆಸುಗೆ ಹಾಕಿ ಅಥವಾ ಸರಿಯಾದ ಲಗ್ ಒತ್ತಿಸಿ, ಬಿಸಿಗೆ ಬಿಗಿಯಾಗುವ ತೋಳು ಹಾಕಿಸಬೇಕು. ಹೊಸ ತಂತಿ ಹಳೆಯದರಷ್ಟೇ ದಪ್ಪವಿರಬೇಕು. ಹೆಚ್ಚುವರಿ ದೀಪ, ಹಾರ್ನ್ ಬೇಕೇಬೇಕೆಂದರೆ ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಮೂಲಕವೇ ಹಾಕಿಸಬೇಕು. ತೀರ ಹಳೆಯ ಕಾರುಗಳಿಗೆ ಸ್ಕ್ಯಾನರ್ ಹೆಚ್ಚಿನ ಮಾಹಿತಿ ಕೊಡಲಾರದು. ಅಲ್ಲಿ ಟೆಸ್ಟ್ ಲ್ಯಾಂಪು, ಮಲ್ಟಿಮೀಟರ್ ಮತ್ತು ಅನುಭವಿ ಕೈಯೇ ಆಧಾರ.

ಜಂಪ್ ಸ್ಟಾರ್ಟ್: ಈ ಕ್ರಮ ತಪ್ಪದಿರಲಿ

1. ಎರಡೂ ಕಾರುಗಳ ಎಂಜಿನ್ ನಿಲ್ಲಿಸಿ. ಬಾಡಿಗಳು ಒಂದಕ್ಕೊಂದು ತಾಗದಿರಲಿ.
2. ಕೆಂಪು ಕೇಬಲ್ಲಿನ ಒಂದು ತುದಿಯನ್ನು ಖಾಲಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ ಕಚ್ಚಿಸಿ.
3. ಕಪ್ಪು ಕೇಬಲ್ಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಕೆಟ್ಟ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಿ.
4. ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಟ್ಟು, ಬಳಿಕ ಇನ್ನೊಂದನ್ನು ಸ್ಟಾರ್ಟ್ ಮಾಡಿ.
5. ಕಳಚುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಿ.

ಕಾರಿನಲ್ಲಿ ಇರಲೇಬೇಕಾದವು

10 ನಂಬರಿನ ಸ್ಪ್ಯಾನರ್, ಪ್ರತಿ ಬಣ್ಣದ ಎರಡೆರಡು ಫ್ಯೂಸ್, ಟೆಸ್ಟ್ ಲ್ಯಾಂಪು ಅಥವಾ ಸಣ್ಣ ಮಲ್ಟಿಮೀಟರ್, ಜಂಪರ್ ಕೇಬಲ್, ಉಪ್ಪುಕಾಗದ, ಒಣ ಬಟ್ಟೆ, ಟೇಪು, ಟಾರ್ಚು ಮತ್ತು ಎಚ್ಚರಿಕೆಯ ತ್ರಿಕೋನ. ಇವೆಲ್ಲ ಒಂದು ಚೀಲದಲ್ಲಿ ಹಿಡಿಯುತ್ತವೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತುಹೋದರೆ 1033, ಯಾವುದೇ ತುರ್ತು ಸಂದರ್ಭಕ್ಕೆ 112 ಸಂಖ್ಯೆಗೆ ಕರೆ ಮಾಡಬಹುದು. ಕಾಡಿನ ದಾರಿಯಲ್ಲಿ ರಾತ್ರಿ ನಿಂತರೆ ಕಾರಿನಿಂದ ಇಳಿದು ದೂರ ನಡೆಯುವುದಕ್ಕಿಂತ, ಹಜಾರ್ಡ್ ದೀಪ ಹಾಕಿ ಒಳಗೇ ಕುಳಿತು ಹಾದುಹೋಗುವ ವಾಹನದ ನೆರವು ಪಡೆಯುವುದು ಸುರಕ್ಷಿತ.

ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಒಂದು ಮಧ್ಯಾಹ್ನವನ್ನು ಟರ್ಮಿನಲ್, ಅರ್ಥಿಂಗ್, ಬೆಲ್ಟ್, ಫ್ಯೂಸ್ ಪೆಟ್ಟಿಗೆ ಮತ್ತು ಎಲೆ ಕಟ್ಟಿದ ಜಾಲರಿಗಳಿಗಾಗಿ ಮೀಸಲಿಟ್ಟರೆ ಮೇಲೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಮನೆಯಂಗಳದಲ್ಲೇ ಬಗೆಹರಿಯುತ್ತವೆ.